ಹಳೆಯ ಕಾರು ಮಾರಾಟ: ಆನ್‌ಲೈನ್ ಹಣ ಪಾವತಿಯಲ್ಲಿ ವಂಚನೆಗೊಳಗಾಗದಂತೆ ಮಾಲೀಕರು ಅನುಸರಿಸಬೇಕಾದ ಕ್ರಮಗಳು

(ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ವಾಹನ ಮಾಲೀಕರ ಗಮನಕ್ಕೆ)

1. ಪೀಠಿಕೆ

ಬಳಸಿದ ಕಾರುಗಳ ಮಾರಾಟವು ಈಗ ಬಹುಮಟ್ಟಿಗೆ ಮೊಬೈಲ್ ದೂರವಾಣಿಯ ಮೂಲಕವೇ ಆರಂಭವಾಗುತ್ತದೆ. ಮಾಲೀಕರು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮುಂತಾದ ಜಾಲತಾಣಗಳಲ್ಲಿ ವಾಹನದ ಭಾವಚಿತ್ರ, ಬೆಲೆ ಹಾಗೂ ದೂರವಾಣಿ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಅಪರಿಚಿತರು ಕರೆ ಮಾಡಿ ದರ ನಿಗದಿಪಡಿಸುತ್ತಾರೆ. ಇವರಲ್ಲಿ ಬಹುಪಾಲು ಜನರು ನೈಜ ಖರೀದಿದಾರರೇ ಆಗಿರುತ್ತಾರೆ. ಆದರೆ ವಾಹನವನ್ನು ಕೊಳ್ಳುವ ಉದ್ದೇಶವೇ ಇಲ್ಲದೆ, ಮಾರಾಟಗಾರರ ಖಾತೆಯಲ್ಲಿರುವ ಹಣವನ್ನು ಲಪಟಾಯಿಸುವ ಸಲುವಾಗಿಯೇ ಕರೆ ಮಾಡುವವರೂ ಇದ್ದಾರೆ.

ಬೆಳಗಾವಿ ಪ್ರಾದೇಶಿಕ ಸಾರಿಗೆ ಕಛೇರಿಯ ವ್ಯಾಪ್ತಿಯಲ್ಲಿ, ಅಂದರೆ ಕೆಎ-22 ಸರಣಿಯಲ್ಲಿ ನೋಂದಣಿಯಾದ ವಾಹನಗಳಿಗೆ ನೆರೆಯ ಮಹಾರಾಷ್ಟ್ರ ಹಾಗೂ ಗೋವಾ ರಾಜ್ಯಗಳಿಂದಲೂ ಖರೀದಿದಾರರು ಬರುತ್ತಾರೆ. ಆದ್ದರಿಂದ ಪರಭಾಷೆಯಲ್ಲಿ ಮಾತನಾಡುವ, ಪರ ಊರಿನ ವ್ಯಕ್ತಿಯ ಕರೆಯು ಇಲ್ಲಿಯ ಮಾಲೀಕರಿಗೆ ಅಸಹಜವೆನಿಸುವುದಿಲ್ಲ. ಕರೆ ಮಾಡಿದವರ ಭಾಷೆ ಅಥವಾ ಊರನ್ನು ನೋಡಿ ಸಂಶಯಪಡುವ ಅಗತ್ಯವಿಲ್ಲ; ಆದರೆ ಹಣ ಪಾವತಿಗೆ ಅವರು ಸೂಚಿಸುವ ವಿಧಾನವನ್ನು ತಪ್ಪದೆ ಪರಿಶೀಲಿಸಬೇಕು. ವರ್ಗಾವಣೆ ಅರ್ಜಿ ಸಲ್ಲಿಸುವ ಮುನ್ನ ಮಾರಾಟಗಾರರು ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವಂತೆ ಕೋರಲಾಗಿದೆ.

2. ಮೊದಲು ತಿಳಿದಿರಬೇಕಾದ ನಿಯಮ

ಲೆಕ್ಕದ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ಎಂಬ ಎರಡು ಬದಿಗಳಿರುವಂತೆ ಬ್ಯಾಂಕ್ ಖಾತೆಯಲ್ಲಿಯೂ ಹಣ ಬರುವ ದಾರಿ ಮತ್ತು ಹೋಗುವ ದಾರಿ ಬೇರೆ ಬೇರೆಯಾಗಿರುತ್ತವೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಆರಂಭಿಸಿದ ಯುಪಿಐ ವ್ಯವಸ್ಥೆಯಲ್ಲಿ ರಹಸ್ಯ ಪಿನ್ ಸಂಖ್ಯೆಯು ಖಾತೆಯಿಂದ ಹಣ ಹೊರಹೋಗಲು ಖಾತೆದಾರರು ನೀಡುವ ಒಪ್ಪಿಗೆಯಾಗಿದೆ. ಅದು ಚೆಕ್ಕಿನ ಮೇಲೆ ಮಾಡುವ ಸಹಿಗೆ ಸಮಾನವಾದುದು. ಹಣ ಸ್ವೀಕರಿಸಲು ಪಿನ್ ಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಒಟಿಪಿ ತಿಳಿಸಬೇಕಾಗಿಲ್ಲ, ಯಾವುದೇ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕಾಗಿಲ್ಲ.

ಕಾರನ್ನು ಮಾರುವವರು ಹಣ ಪಡೆಯುವವರೇ ಹೊರತು ಕೊಡುವವರಲ್ಲ. ಆದ್ದರಿಂದ ವ್ಯವಹಾರದ ಯಾವುದೇ ಹಂತದಲ್ಲಿ ಮಾರಾಟಗಾರರು ಪಿನ್ ಒತ್ತಬೇಕೆಂದು ಅಥವಾ ಹಣ ಕಳುಹಿಸಬೇಕೆಂದು ಎದುರಿನವರು ಕೇಳಿದಲ್ಲಿ, ಆ ಕ್ಷಣದಲ್ಲಿಯೇ ವ್ಯವಹಾರವನ್ನು ನಿಲ್ಲಿಸತಕ್ಕದ್ದು. ಈ ಒಂದು ನಿಯಮವನ್ನು ತಪ್ಪದೆ ಪಾಲಿಸಿದಲ್ಲಿ ಮುಂದೆ ವಿವರಿಸಿರುವ ವಂಚನೆಗಳ ಪೈಕಿ ಅನೇಕವು ಸಾಧ್ಯವೇ ಆಗುವುದಿಲ್ಲ.

3. ವಂಚನೆಯ ಪ್ರಮುಖ ವಿಧಾನಗಳು

(ಅ) ಸೈನಿಕರ ಹೆಸರಿನಲ್ಲಿ ಕರೆ: ಕರೆ ಮಾಡಿದ ವ್ಯಕ್ತಿಯು ತಾನು ಭೂಸೇನೆಯಲ್ಲಿ ಅಥವಾ ಅರೆಸೇನಾ ಪಡೆಯಲ್ಲಿ ಸೇವೆಯಲ್ಲಿರುವುದಾಗಿ ತಿಳಿಸಿ, ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿ ಹಾಗೂ ಕ್ಯಾಂಟೀನ್ ಕಾರ್ಡಿನ ಪ್ರತಿಗಳನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸುತ್ತಾನೆ. ಕೇಳಿದ ಬೆಲೆಗೆ ಚೌಕಾಶಿಯಿಲ್ಲದೆ ಒಪ್ಪುತ್ತಾನೆ. ವಾಹನವನ್ನು ನೋಡಲು ಬರುವುದಿಲ್ಲ. ಬಳಿಕ, ಸೈನ್ಯದಲ್ಲಿ ಹಣ ಪಾವತಿಯ ಪದ್ಧತಿ ಬೇರೆ ಇದೆ, ಮೊದಲು ತಾವು ಅಲ್ಪ ಮೊತ್ತವನ್ನು ಕಳುಹಿಸಿದರೆ ಅದು ದ್ವಿಗುಣವಾಗಿ ಮರಳುತ್ತದೆ ಎಂದು ನಂಬಿಸುತ್ತಾನೆ. ನಂಬಿಕೆ ಹುಟ್ಟಿಸಲು ಮೊದಲ ಬಾರಿ ಐದು ರೂಪಾಯಿಗೆ ಹತ್ತು ರೂಪಾಯಿಯನ್ನು ಹಿಂದಿರುಗಿಸುವುದೂ ಉಂಟು. ಅನಂತರ ದೊಡ್ಡ ಮೊತ್ತದ ಕ್ಯೂಆರ್ ಕೋಡ್ ಬರುತ್ತದೆ.

ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರವು ಬೆಳಗಾವಿಯಲ್ಲಿಯೇ ಇದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಸೇವೆಯಲ್ಲಿರುವ ಅಥವಾ ನಿವೃತ್ತರಾದ ಯೋಧರ ಕುಟುಂಬಗಳಿವೆ. ಸೈನಿಕನೆಂದರೆ ಇಲ್ಲಿಯ ಜನರಲ್ಲಿರುವ ಗೌರವವನ್ನೇ ವಂಚಕರು ಬಂಡವಾಳವಾಗಿ ಬಳಸಿಕೊಳ್ಳುತ್ತಾರೆ. ಖಾಸಗಿ ವಾಹನವನ್ನು ಕೊಳ್ಳಲು ಸೇನೆಯಲ್ಲಿ ಪ್ರತ್ಯೇಕ ಪಾವತಿ ಪದ್ಧತಿ ಎಂಬುದು ಇಲ್ಲ. ನೈಜ ಯೋಧರು ಇತರ ನಾಗರಿಕರಂತೆಯೇ ತಮ್ಮ ಬ್ಯಾಂಕ್ ಖಾತೆಯಿಂದ ಹಣ ಪಾವತಿಸುತ್ತಾರೆ; ತಾವು ಬರಲಾಗದಿದ್ದಲ್ಲಿ ಕುಟುಂಬದವರನ್ನು ಕಳುಹಿಸಿ ವಾಹನವನ್ನು ತೋರಿಸಿಕೊಳ್ಳುತ್ತಾರೆ.

(ಆ) ಹಣ ಕೋರಿಕೆ ಮತ್ತು ಕ್ಯೂಆರ್ ಕೋಡ್: ಹಿಂದೆ ವಂಚಕರು ಯುಪಿಐ ಮೂಲಕ ಹಣ ಕೋರಿಕೆಯ ಸಂದೇಶವನ್ನು ಕಳುಹಿಸಿ, ಹಣ ಪಡೆಯಲು ಒಪ್ಪಿಗೆ ನೀಡಿ ಎಂದು ಹೇಳುತ್ತಿದ್ದರು. ಒಪ್ಪಿಗೆ ನೀಡಿದೊಡನೆ ಮಾರಾಟಗಾರರ ಖಾತೆಯಿಂದಲೇ ಹಣ ಕಡಿತವಾಗುತ್ತಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಇಂತಹ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದರೆ ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಿಸುವ ವಿಧಾನವು ಹಾಗೆಯೇ ಉಳಿದಿದೆ.

(ಇ) ಸುಳ್ಳು ರಸೀದಿ ಮತ್ತು ಸುಳ್ಳು ಸಂದೇಶ: ಹಣ ಪಾವತಿಯಾದಂತೆ ತೋರಿಸುವ ಚಿತ್ರವನ್ನು ಮೊಬೈಲಿನಲ್ಲಿ ಸಿದ್ಧಪಡಿಸುವುದು ಕಷ್ಟದ ಕೆಲಸವಲ್ಲ. ಖಾತೆಗೆ ಹಣ ಜಮೆಯಾಗಿದೆ ಎಂಬ ಸಂದೇಶವನ್ನು ಸಾಮಾನ್ಯ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯಿಂದಲೂ ಕಳುಹಿಸಬಹುದು. ಇಂತಹ ಚಿತ್ರ ಅಥವಾ ಸಂದೇಶವನ್ನು ನಂಬಿ ಬೀಗದ ಕೈ ಕೊಟ್ಟಲ್ಲಿ ಕಾರೂ ಇಲ್ಲ, ಹಣವೂ ಇಲ್ಲ ಎಂಬ ಪರಿಸ್ಥಿತಿ ಉಂಟಾಗುತ್ತದೆ.

(ಈ) ಹೆಚ್ಚುವರಿ ಹಣದ ನೆಪ: ನಿಗದಿತ ಮುಂಗಡ ₹10,000 ಇದ್ದು, ಕೈತಪ್ಪಿ ₹1,00,000 ಕಳುಹಿಸಿರುವುದಾಗಿ ತಿಳಿಸಿ, ಉಳಿದ ₹90,000 ಅನ್ನು ತುರ್ತಾಗಿ ಹಿಂದಿರುಗಿಸುವಂತೆ ಅಂಗಲಾಚಲಾಗುತ್ತದೆ. ಆಸ್ಪತ್ರೆಯ ಖರ್ಚಿನಂತಹ ಕಾರಣಗಳನ್ನೂ ಹೇಳಲಾಗುತ್ತದೆ. ವಾಸ್ತವದಲ್ಲಿ ಖಾತೆಗೆ ಏನೂ ಬಂದಿರುವುದಿಲ್ಲ, ಅಥವಾ ಜಮೆ ಮಾಡಿದ ಚೆಕ್ಕು ಇನ್ನೂ ನಗದಾಗಿರುವುದಿಲ್ಲ. ಹೆಚ್ಚುವರಿ ಹಣ ನಿಜವಾಗಿಯೂ ಬಂದಿದ್ದಲ್ಲಿ ಅದನ್ನು ತಾವೇ ಹಿಂದಿರುಗಿಸದೆ ಬ್ಯಾಂಕ್ ಶಾಖೆಗೆ ಲಿಖಿತವಾಗಿ ತಿಳಿಸಿ, ಬ್ಯಾಂಕಿನ ಮೂಲಕವೇ ಮರಳಿಸತಕ್ಕದ್ದು.

(ಉ) ನಡುವೆ ನಿಂತು ಇಬ್ಬರಿಗೂ ಮೋಸ ಮಾಡುವುದು: ಇದು ಸುಲಭವಾಗಿ ಗುರುತಿಸಲಾಗದ ವಿಧಾನವಾಗಿದೆ. ಉದಾಹರಣೆಗೆ, ನಂದಗಡದ ಮಾಲೀಕರೊಬ್ಬರು ತಮ್ಮ ಕಾರಿಗೆ ₹2,85,000 ಬೆಲೆ ಹಾಕಿ ಜಾಹೀರಾತು ನೀಡಿದ್ದಾರೆ ಎಂದು ಭಾವಿಸೋಣ. ವಂಚಕನು ಅದೇ ಭಾವಚಿತ್ರಗಳನ್ನು ಬಳಸಿ ₹2,10,000 ಬೆಲೆಗೆ ತನ್ನ ಹೆಸರಿನಲ್ಲಿ ಇನ್ನೊಂದು ಜಾಹೀರಾತನ್ನು ನೀಡುತ್ತಾನೆ. ಅದನ್ನು ನೋಡಿ ಕರೆ ಮಾಡಿದ ಬೆಳಗಾವಿಯ ನೈಜ ಖರೀದಿದಾರರಿಗೆ, ಕಾರು ತನ್ನ ಭಾವನ ಮನೆಯಲ್ಲಿದೆ, ನೋಡಿ ಬನ್ನಿ, ಅವರ ಬಳಿ ಬೆಲೆಯ ಮಾತೆತ್ತಬೇಡಿ ಎನ್ನುತ್ತಾನೆ. ಮಾಲೀಕರಿಗೆ, ತನ್ನ ತಮ್ಮ ಕಾರು ನೋಡಲು ಬರುತ್ತಾನೆ, ಅವನ ಬಳಿ ಬೆಲೆಯ ಮಾತೆತ್ತಬೇಡಿ, ಹಣ ನಾನೇ ಕಳುಹಿಸುತ್ತೇನೆ ಎನ್ನುತ್ತಾನೆ. ಖರೀದಿದಾರರು ವಂಚಕನ ಖಾತೆಗೆ ಹಣ ಹಾಕಿ ಕಾರು ಕೇಳುತ್ತಾರೆ. ಮಾಲೀಕರಿಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಇಬ್ಬರು ಪ್ರಾಮಾಣಿಕರು ಪರಸ್ಪರ ಜಗಳಕ್ಕಿಳಿಯುವಷ್ಟರಲ್ಲಿ ವಂಚಕನ ದೂರವಾಣಿ ಸ್ಥಗಿತವಾಗಿರುತ್ತದೆ. ಮನೆಗೆ ಬಂದ ವ್ಯಕ್ತಿಯೊಂದಿಗೆ ಬೆಲೆ ಮಾತನಾಡಬೇಡಿ ಎಂದು ಯಾರಾದರೂ ಹೇಳಿದಲ್ಲಿ, ಆ ಬಂದ ವ್ಯಕ್ತಿಯೊಂದಿಗೆ ಮೊದಲು ಬೆಲೆಯನ್ನೇ ಮಾತನಾಡತಕ್ಕದ್ದು.

(ಊ) ಮೊಬೈಲಿಗೆ ಕಳುಹಿಸುವ ಕಡತಗಳು: ಸಾರಿಗೆ ಕಛೇರಿಯ ದಂಡದ ಚಲನ್, ವಾಹನದ ದಾಖಲೆ ಪರಿಶೀಲನೆ ಮುಂತಾದ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಎಪಿಕೆ ಎಂಬ ಕೊನೆಯಕ್ಷರಗಳುಳ್ಳ ಕಡತಗಳನ್ನು ಕಳುಹಿಸಲಾಗುತ್ತದೆ. ಇದನ್ನು ತೆರೆದು ಅಳವಡಿಸಿಕೊಂಡಲ್ಲಿ ಮೊಬೈಲಿಗೆ ಬರುವ ಒಟಿಪಿ ಸಂದೇಶಗಳು ವಂಚಕರಿಗೆ ತಲುಪುತ್ತವೆ. ವಾಹನದ ಮೇಲೆ ಬಾಕಿ ದಂಡವಿದೆಯೇ ಎಂಬುದನ್ನು ಪರಿವಾಹನ್ ಅಧಿಕೃತ ಜಾಲತಾಣದಲ್ಲಿ ಮಾಲೀಕರು ಸ್ವತಃ ನೋಡಿಕೊಳ್ಳಬಹುದು.

ಇಂತಹ ವಂಚನೆಯು ಒಬ್ಬಿಬ್ಬರ ಕೃತ್ಯವಾಗಿ ಉಳಿದಿಲ್ಲ. 2023ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ 14 ಗ್ರಾಮಗಳಲ್ಲಿ ಏಕಕಾಲಕ್ಕೆ ಶೋಧ ನಡೆಸಿ ಹಲವಾರು ಜನರನ್ನು ಬಂಧಿಸಿದರು. ವಾಹನಗಳ ಸುಳ್ಳು ಜಾಹೀರಾತು ನೀಡಿ ಹಣ ದೋಚುವುದು ಆ ಗುಂಪುಗಳ ವಿಧಾನಗಳಲ್ಲಿ ಒಂದಾಗಿತ್ತು.

4. ಹಣ ಸ್ವೀಕರಿಸುವ ಸುರಕ್ಷಿತ ಕ್ರಮ

(ಅ) ಮಾಧ್ಯಮ: ಯುಪಿಐ ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಹಣದ ಸಾಮಾನ್ಯ ಮಿತಿ ₹1 ಲಕ್ಷ. ಆದ್ದರಿಂದ ಕಾರಿನ ಪೂರ್ಣ ಬೆಲೆಗೆ ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಪದ್ಧತಿಯು ಸೂಕ್ತವಾಗಿದೆ. ಆರ್‌ಟಿಜಿಎಸ್ ಮೂಲಕ ಕಳುಹಿಸಬಹುದಾದ ಕನಿಷ್ಠ ಮೊತ್ತ ₹2 ಲಕ್ಷ. ಎನ್‌ಇಎಫ್‌ಟಿ ವ್ಯವಸ್ಥೆಯು 2019ರ ಡಿಸೆಂಬರ್‌ನಿಂದ ಹಾಗೂ ಆರ್‌ಟಿಜಿಎಸ್ ವ್ಯವಸ್ಥೆಯು 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಲಭ್ಯವಿವೆ. ಆದ್ದರಿಂದ ಇಂದು ರಜೆ, ಹಣ ನಾಳೆ ಜಮೆಯಾಗುತ್ತದೆ, ಕಾರನ್ನು ಈಗಲೇ ಕೊಡಿ ಎಂಬ ಮಾತನ್ನು ಒಪ್ಪಬೇಕಾಗಿಲ್ಲ.

(ಆ) ಪರಿಶೀಲನೆ: ಹಣ ಕಳುಹಿಸಿದವರು ಯುಟಿಆರ್ ಎಂಬ ವಹಿವಾಟು ಸಂಖ್ಯೆಯನ್ನು ನೀಡುತ್ತಾರೆ. ಆ ಸಂಖ್ಯೆಯೊಂದೇ ಪುರಾವೆಯಲ್ಲ. ಮಾರಾಟಗಾರರು ತಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ ಅಥವಾ ಶಾಖೆಯಲ್ಲಿ ವಿಚಾರಿಸಿ ಮೊತ್ತವು ಜಮೆಯಾಗಿರುವುದನ್ನು ಸ್ವತಃ ಖಚಿತಪಡಿಸಿಕೊಳ್ಳತಕ್ಕದ್ದು.

(ಇ) ಯಾರ ಖಾತೆಯಿಂದ: ಹಣವು ಖರೀದಿದಾರರ ಸ್ವಂತ ಖಾತೆಯಿಂದಲೇ ಬರಬೇಕು. ಬೇರೊಬ್ಬರನ್ನು ವಂಚಿಸಿ ಪಡೆದ ಹಣವನ್ನು ಕಾರಿನ ಬೆಲೆಯಾಗಿ ಕಳುಹಿಸಿದ್ದಲ್ಲಿ, ಆ ವಂಚಿತರು ದೂರು ನೀಡಿದಾಗ ಮಾರಾಟಗಾರರ ಖಾತೆಯಲ್ಲಿರುವ ಹಣವೂ ತಡೆಹಿಡಿಯಲ್ಪಡುತ್ತದೆ. ಪರಿಚಯವಿಲ್ಲದ ಮೂರನೆಯ ವ್ಯಕ್ತಿಯ ಹೆಸರಿನಿಂದ ಅಥವಾ ಹಲವು ಖಾತೆಗಳಿಂದ ಚೂರುಚೂರಾಗಿ ಬರುವ ಹಣವನ್ನು ಒಪ್ಪಬಾರದು.

(ಈ) ನಗದು: ಆದಾಯ ತೆರಿಗೆ ಕಾನೂನಿನಂತೆ 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರದಲ್ಲಿ ₹2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ನಿಷೇಧಿಸಲಾಗಿದೆ. ಆನ್‌ಲೈನ್ ವಂಚನೆಗೆ ಹೆದರಿ ಪೂರ್ಣ ಬೆಲೆಯನ್ನು ನಗದಾಗಿ ಪಡೆದಲ್ಲಿ ಮಾರಾಟಗಾರರೇ ದಂಡಕ್ಕೆ ಗುರಿಯಾಗಬಹುದು.

(ಉ) ಮುಂಗಡ: ಈ ಭಾಗದಲ್ಲಿ ಇಸಾರ ಎಂದು ಕರೆಯಲಾಗುವ ಮುಂಗಡ ಹಣವನ್ನು ಪಡೆದಾಗ ಎರಡೂ ಕಡೆಯವರ ಹೆಸರು, ವಿಳಾಸ, ವಾಹನದ ನೋಂದಣಿ ಸಂಖ್ಯೆ, ಒಟ್ಟು ಬೆಲೆ, ಬಾಕಿ ಮೊತ್ತ ಹಾಗೂ ಬಾಕಿ ಪಾವತಿಯ ದಿನಾಂಕವನ್ನು ಬರೆದು ಸಹಿ ಮಾಡಿಕೊಳ್ಳತಕ್ಕದ್ದು. ಮುಂಗಡ ಮಾತ್ರ ಬಂದಿರುವಾಗ ವಾಹನವನ್ನಾಗಲೀ ಮೂಲ ದಾಖಲೆಗಳನ್ನಾಗಲೀ ಬಿಟ್ಟುಕೊಡಬಾರದು.

(ಊ) ದಾಖಲೆಗಳ ಪ್ರತಿ: ನೋಂದಣಿ ಪತ್ರ, ವಿಮಾ ಪತ್ರ ಹಾಗೂ ಆಧಾರ್ ಪ್ರತಿಗಳನ್ನು ವಾಹನವನ್ನು ನೋಡದ ಅಪರಿಚಿತರಿಗೆ ಕಳುಹಿಸಬಾರದು. ಅವುಗಳನ್ನು ಬಳಸಿ ವಂಚಕರು ತಾವೇ ಮಾಲೀಕರೆಂದು ಬೇರೆಯವರನ್ನು ನಂಬಿಸುತ್ತಾರೆ. ಅಗತ್ಯವಿದ್ದಲ್ಲಿ ಪ್ರತಿಯ ಮೇಲೆ ಉದ್ದೇಶ ಹಾಗೂ ದಿನಾಂಕವನ್ನು ಅಡ್ಡಲಾಗಿ ಬರೆದು ನೀಡಬೇಕು.

5. ಹೆಸರು ವರ್ಗಾವಣೆ ಆಗದಿದ್ದಲ್ಲಿ ಉಂಟಾಗುವ ಹೊಣೆ

ಹಣದ ನಷ್ಟವೊಂದೇ ಅಲ್ಲದೆ ಇನ್ನೊಂದು ಗಂಭೀರ ಪರಿಣಾಮವನ್ನೂ ಮಾಲೀಕರು ತಿಳಿದಿರಬೇಕು. ವಂಚಕನ ಕೈಗೆ ಹೋದ ಕಾರು ಅಪಘಾತಕ್ಕೀಡಾದಲ್ಲಿ ಅಥವಾ ಅಪರಾಧ ಕೃತ್ಯಕ್ಕೆ ಬಳಕೆಯಾದಲ್ಲಿ ವಿಚಾರಣೆಯು ಮೊದಲು ದಾಖಲೆಯಲ್ಲಿರುವ ಮಾಲೀಕರ ಬಾಗಿಲಿಗೆ ಬರುತ್ತದೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ನೀಡಿದ ತೀರ್ಪಿನಲ್ಲಿ, ವಾಹನವು ಹಲವರ ಕೈ ಬದಲಾಗಿದ್ದರೂ ನೋಂದಣಿ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮೋಟಾರು ವಾಹನ ಕಾಯ್ದೆಯ ಉದ್ದೇಶಕ್ಕೆ ಮಾಲೀಕರು ಎಂದು ಹೇಳಿ, ಅಪಘಾತ ಪರಿಹಾರದ ಹೊಣೆಯನ್ನು ಅವರ ಮೇಲೆಯೇ ಹೊರಿಸಿದೆ.

ಮೋಟಾರು ವಾಹನ ಕಾಯ್ದೆ 1988ರ ಕಲಂ 50ರಂತೆ, ರಾಜ್ಯದೊಳಗೆ ಮಾರಾಟವಾದಲ್ಲಿ ಮಾರಾಟಗಾರರು 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಖರೀದಿದಾರರು ನಮೂನೆ 30ರಲ್ಲಿ 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಗೋವಾ ಅಥವಾ ಮಹಾರಾಷ್ಟ್ರದವರಿಗೆ ಮಾರಿ ವಾಹನವು ಆ ರಾಜ್ಯಕ್ಕೆ ಹೋಗುವುದಿದ್ದಲ್ಲಿ, ನಮೂನೆ 28ರಲ್ಲಿ ಅರ್ಜಿ ಸಲ್ಲಿಸಿ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಇಂತಹ ಪ್ರಕರಣಗಳಲ್ಲಿ ಮಾರಾಟಗಾರರಿಗೆ 45 ದಿನಗಳ ಅವಧಿ ಇರುತ್ತದೆ. ಮುಂಗಡವು ಖಾತೆಗೆ ಜಮೆಯಾಗದೆ, ಕೇವಲ ದೂರವಾಣಿಯ ಮಾತಿನ ಮೇಲೆ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಸಲ್ಲಿಸುವುದು ಉಚಿತವಲ್ಲ.

ಖರೀದಿದಾರರ ಹೆಸರು ಮತ್ತು ದಿನಾಂಕವನ್ನು ಭರ್ತಿ ಮಾಡದ ಖಾಲಿ ನಮೂನೆಗಳಿಗೆ ಯಾವುದೇ ಕಾರಣಕ್ಕೂ ಸಹಿ ಮಾಡಬಾರದು. ವಾಹನದ ಮೇಲೆ ಬ್ಯಾಂಕಿನ ಕಂತು ಕರಾರು ಇದ್ದಲ್ಲಿ, ಸಾಲವನ್ನು ತಾನೇ ತೀರಿಸಿರುವುದಾಗಿ ಖರೀದಿದಾರರು ತೋರಿಸುವ ಪತ್ರದ ಚಿತ್ರವನ್ನು ನಂಬದೆ, ಸಾಲ ನೀಡಿದ ಶಾಖೆಯಲ್ಲಿಯೇ ವಿಚಾರಿಸಿ ನಮೂನೆ 35 ಪಡೆಯಬೇಕು.

ಬಳಸಿದ ಕಾರುಗಳ ವ್ಯಾಪಾರಿಗೆ ಮಾರುವವರು, ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರುವರೇ ಎಂಬುದನ್ನು ನೋಡಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಅಧಿಕೃತ ವ್ಯಾಪಾರಿಗೆ ವಾಹನ ಒಪ್ಪಿಸಿದುದನ್ನು ನಮೂನೆ 29ಸಿ ಮೂಲಕ ತಿಳಿಸಿದಲ್ಲಿ, ಅನಂತರ ವಾಹನದ ಹೊಣೆಯು ವ್ಯಾಪಾರಿಯದಾಗಿರುತ್ತದೆ.

6. ಖಾನಾಪುರ ತಾಲ್ಲೂಕಿನ ಗ್ರಾಮಗಳ ಮಾಲೀಕರಿಗೆ ವಿಶೇಷ ಸೂಚನೆ

ಜಾಂಬೋಟಿ, ಕಣಕುಂಬಿ, ಲೋಂಡಾ ಸುತ್ತಲಿನ ಅರಣ್ಯ ಪ್ರದೇಶದ ಗ್ರಾಮಗಳಲ್ಲಿ ಮೊಬೈಲ್ ಸಂಪರ್ಕವು ಎಲ್ಲ ಕಡೆ ಒಂದೇ ರೀತಿಯಾಗಿರುವುದಿಲ್ಲ. ಬ್ಯಾಂಕಿನ ಸಂದೇಶ ಬರಲು ತಡವಾಗುವುದು ಇಲ್ಲಿ ಸಹಜ. ನಿಮ್ಮ ಊರಿನಲ್ಲಿ ನೆಟ್‌ವರ್ಕ್ ಇಲ್ಲ, ಆದ್ದರಿಂದ ಸಂದೇಶ ಬಂದಿಲ್ಲ, ಹಣ ಮಾತ್ರ ಹೋಗಿದೆ ಎಂದು ಹೇಳಲು ವಂಚಕರಿಗೆ ಇದರಿಂದ ಅನುಕೂಲವಾಗುತ್ತದೆ. ಆದ್ದರಿಂದ ಇಂತಹ ಗ್ರಾಮಗಳ ಮಾಲೀಕರು ಮನೆಯಂಗಳದಲ್ಲಿ ವ್ಯವಹಾರ ಮುಗಿಸದೆ, ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು.

ಮೊದಲನೆಯದಾಗಿ, ಖರೀದಿದಾರರು ವಾಹನವನ್ನು ನೋಡಿ ಒಪ್ಪಿದ ನಂತರ, ಬ್ಯಾಂಕಿನ ಕೆಲಸದ ದಿನವೊಂದರಂದು ಖಾನಾಪುರ ಪಟ್ಟಣ ಅಥವಾ ಬೆಳಗಾವಿಯಲ್ಲಿರುವ ತಮ್ಮ ಖಾತೆಯ ಬ್ಯಾಂಕ್ ಶಾಖೆಯಲ್ಲಿ ಇಬ್ಬರೂ ಭೇಟಿಯಾಗುವುದು.
ಎರಡನೆಯದಾಗಿ, ನಮೂನೆಗಳನ್ನು ಪೂರ್ಣವಾಗಿ ಭರ್ತಿ ಮಾಡಿ, ಸಹಿ ಮಾಡದೆ ಸಿದ್ಧವಾಗಿಟ್ಟುಕೊಳ್ಳುವುದು.
ಮೂರನೆಯದಾಗಿ, ಖರೀದಿದಾರರು ಹಣ ಕಳುಹಿಸಿದ ಮೇಲೆ ಶಾಖೆಯಲ್ಲಿಯೇ ಪಾಸ್‌ಬುಕ್ ನಮೂದು ಮಾಡಿಸಿ, ಪೂರ್ಣ ಮೊತ್ತ ಜಮೆಯಾಗಿರುವುದನ್ನು ನೋಡುವುದು.
ನಾಲ್ಕನೆಯದಾಗಿ, ಅನಂತರವೇ ನಮೂನೆಗಳಿಗೆ ಸಹಿ ಮಾಡಿ, ಬೀಗದ ಕೈ ಹಾಗೂ ದಾಖಲೆಗಳನ್ನು ಒಪ್ಪಿಸಿ, ಒಪ್ಪಿಸಿದ ದಿನಾಂಕ ಮತ್ತು ವೇಳೆಯನ್ನು ಬರೆದು ಖರೀದಿದಾರರ ಸಹಿ ಪಡೆಯುವುದು.

ಹಣ ಕೊಟ್ಟ ಮೇಲೆ ಕಾರು ಸಿಗದಿದ್ದರೆ ಎಂಬ ಭಯವು ಖರೀದಿದಾರರಿಗೂ ಇರುತ್ತದೆ. ಒಂದೇ ಸ್ಥಳದಲ್ಲಿ, ಒಂದೇ ವೇಳೆಯಲ್ಲಿ ಹಣ ಹಾಗೂ ವಾಹನ ಕೈ ಬದಲಾಗುವ ಈ ಕ್ರಮದಿಂದ ಇಬ್ಬರಿಗೂ ರಕ್ಷಣೆ ದೊರೆಯುತ್ತದೆ. ನೈಜ ಖರೀದಿದಾರರು ಇದಕ್ಕೆ ಆಕ್ಷೇಪಿಸುವ ಕಾರಣವಿಲ್ಲ.

7. ವಂಚನೆಗೊಳಗಾದಲ್ಲಿ ಮಾಡಬೇಕಾದುದು

(ಅ) ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು. ವಂಚಕನ ಖಾತೆಯಿಂದ ಹಣವು ಮುಂದಿನ ಖಾತೆಗಳಿಗೆ ಸಾಗುವ ಮೊದಲೇ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಇದರ ಮೂಲಕ ಸೂಚನೆ ಹೋಗುತ್ತದೆ. ಮೊದಲ ಒಂದೆರಡು ಗಂಟೆಗಳು ಅತ್ಯಂತ ಮಹತ್ವದ್ದಾಗಿರುತ್ತವೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

(ಆ) ತಮ್ಮ ಬ್ಯಾಂಕಿಗೆ ತಿಳಿಸಿ ಖಾತೆಯಿಂದ ಹಣ ಹೊರಹೋಗದಂತೆ ತಡೆ ಹಾಕಿಸಿ, ದೂರಿನ ಸಂಖ್ಯೆಯನ್ನು ಪಡೆಯತಕ್ಕದ್ದು. 30 ದಿನಗಳೊಳಗೆ ಬ್ಯಾಂಕಿನಿಂದ ಸಮರ್ಪಕ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಲು ಅವಕಾಶವಿದೆ.

(ಇ) ವಹಿವಾಟು ಸಂಖ್ಯೆ, ದಿನಾಂಕ, ವೇಳೆ, ಮೊತ್ತ, ವಂಚಕನ ದೂರವಾಣಿ ಸಂಖ್ಯೆ, ವಾಟ್ಸ್‌ಆ್ಯಪ್ ಸಂಭಾಷಣೆ ಹಾಗೂ ಜಾಹೀರಾತಿನ ಪ್ರತಿಯನ್ನು ಅಳಿಸದೆ ಕಾಯ್ದಿಟ್ಟುಕೊಳ್ಳತಕ್ಕದ್ದು.

(ಈ) ಬೆಳಗಾವಿ ನಗರದವರು ನಗರ ಪೊಲೀಸ್ ಆಯುಕ್ತಾಲಯದ ಸಿಇಎನ್ ಅಪರಾಧ ಪೊಲೀಸ್ ಠಾಣೆಯಲ್ಲಿ, ಖಾನಾಪುರ ತಾಲ್ಲೂಕಿನವರು ಖಾನಾಪುರ ಠಾಣೆಯಲ್ಲಿ ಅಥವಾ ಜಿಲ್ಲಾ ಪೊಲೀಸ್ ಇಲಾಖೆಯ ಸಿಇಎನ್ ಠಾಣೆಯಲ್ಲಿ ದೂರು ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಕೃತ್ಯವು ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲವೆಂಬ ಕಾರಣಕ್ಕೆ ಠಾಣೆಯು ಇಂತಹ ದೂರನ್ನು ನಿರಾಕರಿಸುವಂತಿಲ್ಲ.

(ಉ) ವಾಹನವೂ ಕೈತಪ್ಪಿದ್ದಲ್ಲಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ, ಸದರಿ ವಾಹನದ ವರ್ಗಾವಣೆ ಮಾಡದಂತೆ ಕೋರತಕ್ಕದ್ದು. ವಿಮಾ ಕಂಪನಿಗೂ ತಿಳಿಸತಕ್ಕದ್ದು.

(ಊ) ಹಣ ಹೋಗುವ ಮೊದಲೇ ಮೋಸವೆಂದು ತಿಳಿದುಬಂದಲ್ಲಿಯೂ, ಆ ದೂರವಾಣಿ ಸಂಖ್ಯೆಯನ್ನು ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು. ಅದರಿಂದ ಮುಂದಿನ ಮಾಲೀಕರೊಬ್ಬರಿಗೆ ಉಪಕಾರವಾಗುತ್ತದೆ.

ವಂಚನೆಗೊಳಗಾದವರು ಅವಮಾನವೆಂದು ಭಾವಿಸಿ ವಿಷಯವನ್ನು ಮುಚ್ಚಿಡಬಾರದು. ಖಾನಾಪುರ ತಾಲ್ಲೂಕಿನಲ್ಲಿ 2025ರ ಮಾರ್ಚ್ ತಿಂಗಳಲ್ಲಿ ವೃದ್ಧ ದಂಪತಿಗಳು ದೂರವಾಣಿ ಮೂಲಕ ಬೆದರಿಸಿದ ಸೈಬರ್ ವಂಚಕರಿಗೆ ಅಪಾರ ಹಣ ಕಳೆದುಕೊಂಡು ಪ್ರಾಣವನ್ನೂ ನೀಗಿದ ಘಟನೆಯು ಎಲ್ಲರಿಗೂ ತಿಳಿದಿದೆ. ಅದು ವಾಹನಕ್ಕೆ ಸಂಬಂಧಿಸಿದ ಪ್ರಕರಣವಲ್ಲ. ಆದರೆ ಮೋಸ ಹೋದವರು ಒಂಟಿಯಾಗಿ ನರಳುವುದು ಎಷ್ಟು ಅಪಾಯಕಾರಿ ಎಂಬುದನ್ನು ಅದು ತಿಳಿಸುತ್ತದೆ. ತಪ್ಪು ವಂಚಿಸಿದವನದು, ವಂಚನೆಗೊಳಗಾದವರದಲ್ಲ. ಮನೆಯವರು ದೂಷಿಸದೆ, ಮೊದಲು 1930ಕ್ಕೆ ಕರೆ ಮಾಡಲು ನೆರವಾಗಬೇಕು.

8. ಮಾರಾಟದ ದಿನ ನೆನಪಿಡಬೇಕಾದ ಅಂಶಗಳು

(1) ಹಣ ಪಡೆಯಲು ಪಿನ್, ಒಟಿಪಿ ಹಾಗೂ ಸ್ಕ್ಯಾನ್ ಬೇಕಾಗಿಲ್ಲ.
(2) ವಾಹನವನ್ನು ನೋಡದೆ ಕೊಳ್ಳುವವರೊಂದಿಗೆ ವ್ಯವಹಾರ ಬೇಡ.
(3) ಬಂದವರ ಗುರುತಿನ ಚೀಟಿಯ ಹೆಸರು, ಹಣ ಬಂದ ಖಾತೆಯ ಹೆಸರು ಹಾಗೂ ನಮೂನೆ 30ರಲ್ಲಿರುವ ಹೆಸರು ಒಂದೇ ಆಗಿರಲಿ.
(4) ಚಿತ್ರ, ಸಂದೇಶ ಅಥವಾ ಯುಟಿಆರ್ ಸಂಖ್ಯೆ ಜಮೆಗೆ ಪುರಾವೆಯಲ್ಲ. ತಮ್ಮ ಖಾತೆಯ ನಮೂದೇ ಪುರಾವೆ.
(5) ಪೂರ್ಣ ಮೊತ್ತ ಜಮೆಯಾದ ಮೇಲೆಯೇ ಸಹಿ, ಬೀಗದ ಕೈ ಮತ್ತು ದಾಖಲೆ.
(6) 14 ದಿನಗಳೊಳಗೆ ನಮೂನೆ 29 ಸಲ್ಲಿಸಿ ಸ್ವೀಕೃತಿಯನ್ನು ಕಾಯ್ದಿಟ್ಟುಕೊಳ್ಳಿ. ದಾಖಲೆಯಲ್ಲಿ ಹೆಸರು ಬದಲಾಗಿರುವುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ವರ್ಗಾವಣೆ, ನಿರಾಕ್ಷೇಪಣಾ ಪತ್ರ ಹಾಗೂ ಕಂತು ಕರಾರು ರದ್ದತಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಅರ್ಜಿದಾರರು ಕಛೇರಿಯ ಕೆಲಸದ ವೇಳೆಯಲ್ಲಿ ಬೆಳಗಾವಿ ಪ್ರಾದೇಶಿಕ ಸಾರಿಗೆ ಕಛೇರಿಯ ಸಂಬಂಧಪಟ್ಟ ಶಾಖೆಯನ್ನು ಖುದ್ದಾಗಿ ಸಂಪರ್ಕಿಸಬಹುದಾಗಿದೆ.